ಅಡುಗೆಕೋಣೆಯನ್ನು ನಕ್ಷೆಯಿಂದ ಅಳಿಸುವ ಮೊದಲು

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಬಂದ ಬರಹವೊಂದರಲ್ಲಿ, ಇನ್ನು ಮುಂದೆ ಕಟ್ಟುವ ಮನೆಗಳಿಗೆ ಪೂರ್ಣ ಅಡುಗೆಕೋಣೆಯ ಅಗತ್ಯವಿಲ್ಲ, ಚಾವಡಿಯ ಒಂದು ಗೋಡೆಗೆ ತಾಗಿಸಿ ಇಂಡಕ್ಷನ್ ಒಲೆ, ಸಣ್ಣ ಸಿಂಕ್ ಮತ್ತು ಫ್ರಿಜ್ ಇಟ್ಟರೆ ಸಾಕು, ಉಳಿದದ್ದನ್ನು ಹೊರಗಿನಿಂದ ತರಿಸಿಕೊಳ್ಳಬಹುದು ಎಂದು ವಾದಿಸಲಾಗಿತ್ತು. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಮನೆಗಳ ನಕ್ಷೆ ಬರೆಯುವ ಕೆಲಸ ಮಾಡಿಕೊಂಡು ಬಂದವನು. ಪೆರ್ಲ, ನೀರ್ಚಾಲು, ಮುಳ್ಳೇರಿಯ, ಕುಂಬಳೆ, ಪೈವಳಿಕೆ ಕಡೆಗಳ ಅನೇಕ ಮನೆಗಳ ಅಡುಗೆಕೋಣೆಗಳಿಗೆ ಗೆರೆ ಎಳೆದಿದ್ದೇನೆ. ಆ ಮನೆಗಳ ಗೃಹಪ್ರವೇಶಕ್ಕೂ ಹೋಗಿದ್ದೇನೆ, ಹತ್ತು ವರ್ಷ ಕಳೆದು ಸೋರುವ ಮಾಡಿಗೋ ಬಿರುಕು ಬಿಟ್ಟ ಗೋಡೆಗೋ ಕರೆದಾಗಲೂ ಹೋಗಿದ್ದೇನೆ. ನಕ್ಷೆಯಲ್ಲಿ ಬರೆದದ್ದು ಎಷ್ಟು ಬಳಕೆಗೆ ಬಂತು, ಯಾವುದು ಬರೀ ನೋಟಕ್ಕೆ ಉಳಿಯಿತು ಎಂಬುದು ಹಾಗೆ ಹೋದಾಗ ಕಣ್ಣಿಗೆ ಬೀಳುತ್ತದೆ. ಆ ಅನುಭವದ ಬಲದಿಂದ, ಆ ಬರಹದ ತೀರ್ಮಾನವನ್ನು ನಾನು ಒಪ್ಪುವುದಿಲ್ಲವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಲೇಖಕರು ಹೇಳಿದ ಬದಲಾವಣೆ ಕಲ್ಪನೆಯಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕಳೆದ ನಾಲ್ಕೈದು ವರ್ಷಗಳಲ್ಲಿ ನನ್ನ ಮೇಜಿನ ಮುಂದೆ ಕೂತು, ಅಡುಗೆಕೋಣೆಯನ್ನು ಆದಷ್ಟು ಸಣ್ಣದು ಮಾಡಿ ಎಂದವರಿದ್ದಾರೆ. ಹೆಚ್ಚಿನವರು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿಯುವ ಮಕ್ಕಳು. ಊರಿನ ಹಳೆಯ ಹಂಚಿನ ಮನೆಯನ್ನು ಕೆಡವಿ ತಂದೆತಾಯಿಗಳಿಗೆ ಹೊಸದು ಕಟ್ಟಿಸಿಕೊಡಲು ಬಂದವರು. ಇಬ್ಬರೇ ಇರುವ ಮನೆಗೆ ದೊಡ್ಡ ಅಡುಗೆಕೋಣೆ ಯಾಕೆ ಎಂಬ ಅವರ ಪ್ರಶ್ನೆಯಲ್ಲಿ ಅರ್ಥವಿದೆ. ಮೂವತ್ತು ಜನ ಒಟ್ಟಿಗೆ ಉಣ್ಣುತ್ತಿದ್ದ ಕೂಡುಕುಟುಂಬಗಳು ಹೋದವು. ಪೂಜೆಗೋ ತಿಥಿಗೋ ನೂರು ಜನ ಸೇರುವ ದಿನ ಅಡುಗೆಯವರು ಬಂದು ಅಂಗಳದ ಬದಿಯಲ್ಲಿ ಕಲ್ಲು ಹೂಡಿ ಅಡುಗೆ ಮಾಡಿ ಹೋಗುತ್ತಾರೆ. ಒಂದು ದಿನದ ಔತಣಕ್ಕಾಗಿ ವರ್ಷವಿಡೀ ಗುಡಿಸಿ ಒರೆಸಬೇಕಾದ ದೊಡ್ಡ ಕೋಣೆಯನ್ನು ಕಟ್ಟಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಕೋಣೆ ಸಣ್ಣದಾಗಲಿ ಎಂಬುದಕ್ಕೂ ಕೋಣೆಯೇ ಬೇಡ ಎಂಬುದಕ್ಕೂ ನಡುವೆ ಅಂತರ ದೊಡ್ಡದು, ಮತ್ತು ಆ ಬರಹ ಒಂದರಿಂದ ಇನ್ನೊಂದಕ್ಕೆ ಬಹಳ ಸಲೀಸಾಗಿ ದಾಟಿಬಿಟ್ಟಿದೆ.

ನಮ್ಮ ಜಿಲ್ಲೆಯಲ್ಲಿ ನಿಜವಾಗಿ ನಡೆಯುತ್ತಿರುವುದು ಬೇರೆಯೇ. ಇಲ್ಲಿನ ಹೊಸ ಮನೆಗಳಲ್ಲಿ ಅಡುಗೆಕೋಣೆ ಇಲ್ಲವಾಗುತ್ತಿಲ್ಲ, ಎರಡಾಗುತ್ತಿದೆ. ಒಂದನ್ನು ಕಿಚನ್ ಎನ್ನುತ್ತಾರೆ, ಇನ್ನೊಂದನ್ನು ವರ್ಕ್ ಏರಿಯಾ ಎನ್ನುತ್ತಾರೆ. ಕೇರಳದಾದ್ಯಂತ ಬಂದ ಈ ಪದ್ಧತಿ ಕನ್ನಡ, ತುಳು, ಮಲಯಾಳ ಮಾತಾಡುವ ಎಲ್ಲ ಮನೆಗಳಿಗೂ ಒಂದೇ ರೀತಿ ಹಬ್ಬಿದೆ. ನೀರ್ಚಾಲಿನ ಸಮೀಪ ನಾನೇ ನಕ್ಷೆ ಬರೆದ ಒಂದು ಮನೆಗೆ ಕಳೆದ ವರ್ಷ ಬೇರೆ ಕೆಲಸಕ್ಕೆ ಹೋಗಿದ್ದೆ. ಚಾವಡಿಗೆ ತೆರೆದುಕೊಂಡ ಕಿಚನ್ 12 ಅಡಿ ಉದ್ದ, 10 ಅಡಿ ಅಗಲ. ಹೊಳೆಯುವ ಕಪಾಟುಗಳು, ಅಡುಗೆ ಕಟ್ಟೆಗೆ ಕಪ್ಪು ಗ್ರಾನೈಟ್ ಹಾಸು, ಮೇಲೆ ಹೊಗೆ ಎಳೆಯುವ ಚಿಮಣಿ. ಒಕ್ಕಲಾಗಿ ಆರು ವರ್ಷವಾಗಿತ್ತು. ಗಾಜಿನ ಮೇಲ್ಮೈಯ ಆ ಒಲೆಯ ಮೂಲೆಯಲ್ಲಿ ಅಂಗಡಿಯವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇತ್ತು. ಹಾಲು ಉಕ್ಕಿಸಿದ ದಿನ ಬಿಟ್ಟರೆ ಅಲ್ಲಿ ಬೆಂಕಿ ಹೊತ್ತಿದ್ದು ಅಪರೂಪ. ಅದರ ಹಿಂದಿನ ಬಾಗಿಲು ದಾಟಿದರೆ ತಗಡಿನ ಮಾಡಿನ ಕೆಳಗೆ 8 ಅಡಿ ಉದ್ದ, 6 ಅಡಿ ಅಗಲದ ವರ್ಕ್ ಏರಿಯಾ. ಅಲ್ಲಿ ಮನೆಯ ಹಿರಿಯ ಹೆಂಗಸು ನೆಲದಲ್ಲಿ ಹೆರೆಮಣೆ ಇಟ್ಟುಕೊಂಡು ತೆಂಗಿನಕಾಯಿ ಹೆರೆಯುತ್ತಿದ್ದರು. ಸೊಸೆ ಒಂದು ಕೈಯಲ್ಲಿ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉಕ್ಕಿ ಬರುತ್ತಿದ್ದ ಸಾರಿನ ಪಾತ್ರೆಯನ್ನು ಇಳಿಸುತ್ತಿದ್ದರು. ಒಬ್ಬರು ಹೊರಗೆ ಹೋಗಬೇಕಾದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ತಗಡಿನ ಸೆಕೆಗೆ ಇಬ್ಬರೂ ಬೆವೆತು ಹೋಗಿದ್ದರು. ಒಗ್ಗರಣೆಯ ಪರಿಮಳ ಚಾವಡಿಗೆ ಬರಬಾರದೆಂದು ನಡುವಿನ ಬಾಗಿಲನ್ನು ಎಳೆದುಕೊಂಡಿದ್ದರು. ಆ ನಕ್ಷೆ ನನ್ನದೇ ಎಂಬುದು ಆ ಹೊತ್ತಿಗೆ ನನ್ನ ಮನಸ್ಸಿಗೆ ಬಹಳ ಚುಚ್ಚಿತು.

ಇಂಥ ಕಿಚನ್ ಕಂಡು ಅಡುಗೆಕೋಣೆ ವ್ಯರ್ಥವೆಂದು ಯಾರಾದರೂ ಹೇಳಿದರೆ ಅವರ ಮೇಲೆ ತಪ್ಪು ಹೊರಿಸಲಾಗದು. ವ್ಯರ್ಥವಾದದ್ದು ತೋರಿಕೆಯ ಕೋಣೆ. ಕೆಲಸದ ಕೋಣೆಯಂತೂ ದಿನಕ್ಕೆ ಮೂರು ಹೊತ್ತು ತುಂಬಿ ತುಳುಕುತ್ತಿದೆ. ಎರಡನ್ನು ಒಂದು ಮಾಡಿ, 120 ಚದರ ಅಡಿಯ ಪ್ರದರ್ಶನವನ್ನೂ 48 ಚದರ ಅಡಿಯ ಇಕ್ಕಟ್ಟನ್ನೂ ಬಿಟ್ಟು, ಗಾಳಿ ಬೆಳಕಿರುವ 90 ಚದರ ಅಡಿಯ ಒಂದೇ ಅಡುಗೆಕೋಣೆಯನ್ನು ಕಟ್ಟಿದ್ದರೆ ಖರ್ಚೂ ಕಡಿಮೆಯಾಗುತ್ತಿತ್ತು, ಆ ಇಬ್ಬರು ಹೆಂಗಸರಿಗೆ ಕೈಕಾಲು ಆಡಿಸಲು ಜಾಗವೂ ಸಿಗುತ್ತಿತ್ತು.

ಪೂರ್ಣ ಅಡುಗೆಕೋಣೆ ಎಂದರೆ ದೊಡ್ಡ ಅಡುಗೆಕೋಣೆ ಎಂದು ತಿಳಿದುಕೊಂಡಲ್ಲಿಯೇ ಗೊಂದಲ ಆರಂಭವಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಊಟಕ್ಕೆ ಬೇರೆ ಜಾಗವಿರುವ ಮನೆಯಲ್ಲಿ ಅಡುಗೆಕೋಣೆ ಕನಿಷ್ಠ 5 ಚದರ ಮೀಟರ್ ಇರಬೇಕು, ಅಗಲ 1.8 ಮೀಟರಿಗಿಂತ ಕಡಿಮೆಯಾಗಬಾರದು. ಅದರಲ್ಲಿಯೇ ಕೂತು ಉಣ್ಣುವುದಾದರೆ 7.5 ಚದರ ಮೀಟರ್, ಅಗಲ 2.1 ಮೀಟರ್. ಅಂದರೆ ಸುಮಾರು 54 ಮತ್ತು 81 ಚದರ ಅಡಿ. ಇದು ಅರಮನೆಯ ಅಳತೆಯೇನಲ್ಲ. ಕೇರಳ ಸರಕಾರದ ಲೈಫ್ ಯೋಜನೆಯಲ್ಲಿ ಮನೆಯಿಲ್ಲದವರಿಗೆ 4 ಲಕ್ಷ ರೂಪಾಯಿ ನೆರವಿನಿಂದ ಕಟ್ಟುವ ಮನೆ ಸುಮಾರು 400 ಚದರ ಅಡಿಯದ್ದು; ಅಷ್ಟರಲ್ಲಿಯೂ ಅಡುಗೆಗೆ ಪ್ರತ್ಯೇಕ ಕೋಣೆಯನ್ನು ಇಟ್ಟಿದ್ದಾರೆ. ಆ ಮನೆಗಳ ಫಲಾನುಭವಿಗಳೊಂದಿಗೆ ಕೆಲಸ ಮಾಡಿದ್ದೇನೆ. ಜಾಗ ಉಳಿಸಲು ಏನನ್ನು ಬಿಡೋಣ ಎಂದು ಕೇಳಿದಾಗ, ಸಿಟೌಟ್ (ಮುಂಬದಿಯ ಜಗಲಿ) ಬಿಡುವ ಎಂದವರಿದ್ದಾರೆ, ಒಂದು ಮಲಗುವ ಕೋಣೆಯನ್ನು ಕಿರಿದು ಮಾಡುವ ಎಂದವರಿದ್ದಾರೆ, ಅಡುಗೆಕೋಣೆಯನ್ನು ಬಿಡುವ ಎಂದವರು ನನಗೆ ಸಿಕ್ಕಿಲ್ಲ. ಬೆಂಕಿ, ನೀರು, ತೊಳೆಯುವ ಜಾಗ, ಕಾಪಿಡುವ ಜಾಗ, ಹೊಗೆ ಹೋಗಲು ನೇರ ಹೊರಕ್ಕೆ ತೆರೆಯುವ ಕಿಟಕಿ, ಕಡಿಮೆಯೆಂದರೆ ಇಬ್ಬರು ನಿಂತು ಕೆಲಸ ಮಾಡುವಷ್ಟು ನೆಲ, ಇಷ್ಟಿದ್ದರೆ ಅದನ್ನು ನಾನು ಪೂರ್ಣ ಅಡುಗೆಕೋಣೆ ಎನ್ನುತ್ತೇನೆ.

ಇನ್ನೊಂದು ಮಾತು ನನ್ನ ವೃತ್ತಿಗೆ ಸಂಬಂಧಿಸಿದ್ದು. ಅಡುಗೆಕೋಣೆಯನ್ನು ಮುಂದೊಂದು ದಿನ ಬೇರೆ ಕೋಣೆಯಾಗಿ ಮಾರ್ಪಡಿಸುವುದು ಸುಲಭ: ಕಪಾಟು ಕಳಚಿ, ಹಾಸುಗಲ್ಲು ತೆಗೆದು, ಕೊಳವೆಯ ಬಾಯಿ ಮುಚ್ಚಿದರೆ ಮುಗಿಯಿತು. ಬೇರೆ ಕೋಣೆಯನ್ನು ಅಡುಗೆಕೋಣೆ ಮಾಡುವುದು ಹಾಗಲ್ಲ. ನೆಲ ಒಡೆದು ಇಳಿಜಾರು ಸಿಗುವಂತೆ ಚರಂಡಿ ಕೊಳವೆ ಹಾಯಿಸಬೇಕು, ಹೊರಗೆ ಇಂಗುಗುಂಡಿ ತೋಡಬೇಕು, ನೀರಿನ ಪೈಪಿಗೆ ಗೋಡೆ ಕೊರೆಯಬೇಕು, ಹೆಚ್ಚು ವಿದ್ಯುತ್ ಎಳೆಯುವ ಸಾಧನಗಳಿಗೆ ಪ್ರತ್ಯೇಕ ವಯರಿಂಗ್ ಬೇಕು. ಮುರಕಲ್ಲಿನ ಗೋಡೆಗೆ ಇಷ್ಟೆಲ್ಲ ಹೊಡೆತ ಬಿದ್ದ ಮೇಲೆ ಗಾರೆ ಮತ್ತೆ ಮೊದಲಿನಂತೆ ಕೂರುವುದಿಲ್ಲ. ಇಬ್ಬರಿಗೆ ಇಷ್ಟು ಸಾಕೆಂದು ಗೋಡೆಬದಿಯ ಒಲೆಯೊಂದಿಗೆ ಮುಗಿಸಿದ ಎರಡು ಮನೆಗಳಲ್ಲಿ, ಐದು ವರ್ಷ ತುಂಬುವ ಮೊದಲೇ ಹಿತ್ತಿಲ ಕಡೆಗೆ ಮಾಡು ಇಳಿಸಿ ಅಡುಗೆಕೋಣೆ ಜೋಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲೇ ಕಟ್ಟಿದ್ದರೆ ಆಗುತ್ತಿದ್ದ ಖರ್ಚಿನ ಇಮ್ಮಡಿಗೂ ಹೆಚ್ಚು ಅವರಿಗೆ ಬಿದ್ದಿತು. ಕುಟುಂಬದ ಸ್ಥಿತಿ ಮೂವತ್ತು ವರ್ಷ ಒಂದೇ ರೀತಿ ಇರುವುದಿಲ್ಲ. ಮನೆಯಂತೂ ಐವತ್ತು ವರ್ಷ ನಿಲ್ಲಬೇಕಾದದ್ದು.

ಊರಿನ ಊಟ ಯಾವುದೆಂಬುದನ್ನು ಬಿಟ್ಟು ಅಡುಗೆಕೋಣೆಯ ಅಳತೆಯನ್ನು ನಿಶ್ಚಯಿಸಲೂ ಬರುವುದಿಲ್ಲ. ನಾವು ಉಣ್ಣುವುದು ಕುಚ್ಚಲಕ್ಕಿ. ಅದು ಬೆಳ್ತಿಗೆಯಂತೆ ಹತ್ತು ನಿಮಿಷಕ್ಕೆ ಆಗುವುದಲ್ಲ. ಬಹಳ ಹೊತ್ತು ಕುದಿದು, ತಿಳಿ ಬಸಿದು, ಮತ್ತೆ ಕೆಂಡದ ಮೇಲೆ ಕೂರಬೇಕು. ಪಲ್ಯಕ್ಕೂ ಮೇಲಾರಕ್ಕೂ ಕಾಯಿ ಹೆರೆಯಬೇಕು, ಕಡೆಯಬೇಕು. ಹಲಸಿನ ಕಾಲದಲ್ಲಿ ಅರ್ಧ ಮಣ ತೂಗುವ ಒಂದು ಹಣ್ಣನ್ನು ಒಳಗೆ ತಂದು ನೋಡಿ. ಅಂಗೈಗೆ ಎಣ್ಣೆ ಹಚ್ಚಿಕೊಂಡು, ಕತ್ತಿಗೆ ಅಂಟಿದ ಮೇಣವನ್ನು ಕಡ್ಡಿಗೆ ಸುತ್ತಿ ತೆಗೆದು, ಸೊಳೆ ಒಂದು ಕಡೆ, ಬೀಜ ಒಂದು ಕಡೆ, ದನಕ್ಕೆ ಹಾಕುವ ರೆಚ್ಚೆ ಇನ್ನೊಂದು ಕಡೆ ರಾಶಿ ಹಾಕುವಷ್ಟರಲ್ಲಿ ಒಂದು ಚಾಪೆಯಗಲದ ನೆಲ ತುಂಬಿರುತ್ತದೆ. ಹಲಸು 2018ರಿಂದ ಕೇರಳದ ಅಧಿಕೃತ ರಾಜ್ಯಹಣ್ಣು. ಅದನ್ನು ಬಿಡಿಸಲು ಜಾಗವಿಲ್ಲದ ಮನೆಗಳನ್ನು ಕಟ್ಟಿ, ಮರದಡಿಯಲ್ಲಿ ಕೊಳೆಯುವುದನ್ನು ನೋಡಿ ಬೇಸರಪಡುವವರೂ ನಾವೇ. ಉಪ್ಪಿನಲ್ಲಿ ಹಾಕಿದ ಸೊಳೆಯ ಭರಣಿ, ಮಿಡಿ ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬಿ, ಮಳೆಗಾಲಕ್ಕೆ ಕೂಡಿಟ್ಟ ತೆಂಗಿನಕಾಯಿ, ಇವಕ್ಕೆ ತಂಪಾದ, ಇರುವೆ ಇಲಿ ಬಾರದ ಒಂದು ಮೂಲೆ ಬೇಕು. ಫ್ರಿಜ್ ಆ ಮೂಲೆಯ ಕೆಲಸವನ್ನು ಮಾಡಲಾರದು.

ಮಳೆಗಾಲದ ಮಾತು ಬಂತು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಮರ ಬಿದ್ದು ಕಂಬ ಮುರಿದರೆ ಒಳಪ್ರದೇಶಗಳಲ್ಲಿ ಎರಡು ಮೂರು ದಿನ ಕರೆಂಟಿಲ್ಲದಿರುವುದು ಹೊಸತಲ್ಲ. ಇಂಡಕ್ಷನ್ ಒಲೆಯನ್ನೇ ನಂಬಿದ ಮನೆಯಲ್ಲಿ ಆ ದಿನ ಚಹಾ ನೀರೂ ಕಾಯದು. ಕಾಸರಗೋಡು ಪೇಟೆಯಲ್ಲಿ ಮೊಬೈಲಿನಿಂದ ಊಟ ತರಿಸಬಹುದಾದರೂ, ತೋಟದ ನಡುವೆ, ಗುಡ್ಡದ ಬುಡದಲ್ಲಿ, ಮುಖ್ಯರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಮನೆಗೆ ಯಾರೂ ತಂದುಕೊಡುವುದಿಲ್ಲ.

2020ರ ಮಾರ್ಚ್ ಕೊನೆಯ ದಿನಗಳನ್ನು ಗಡಿನಾಡಿನ ನಾವು ಮರೆಯಲು ಸಾಧ್ಯವೇ ಇಲ್ಲ. ಕೊರೋನಾ ಹೆಚ್ಚಾಗಿ ಕಂಡ ಮೊದಲ ಜಿಲ್ಲೆಗಳಲ್ಲಿ ನಮ್ಮದೂ ಒಂದು. ತಲಪಾಡಿಯ ಹೆದ್ದಾರಿಯನ್ನು ಕರ್ನಾಟಕದ ಕಡೆಯಿಂದ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಊರುಗಳವರು ಪ್ರಾಣ ಕಳೆದುಕೊಂಡರು. ವಿಷಯ ನ್ಯಾಯಾಲಯಗಳ ಮೆಟ್ಟಿಲೇರಿತು. ಇಲ್ಲಿ ಹೋಟೆಲುಗಳು ಮುಚ್ಚಿದ್ದವು, ಮಂಗಳೂರಿನಿಂದ ಬರುವ ತರಕಾರಿ ನಿಂತಿತ್ತು. ಆ ವಾರಗಳಲ್ಲಿ ಮನೆಗಳನ್ನು ಕಾಪಾಡಿದ್ದು ಬಾಳೆಕಾಯಿ, ಹಲಸಿನಕಾಯಿ, ಬಸಳೆ, ಅಟ್ಟದಲ್ಲಿದ್ದ ಸೌತೆಕಾಯಿ, ಹುರುಳಿ ಮತ್ತು ಅವನ್ನೆಲ್ಲ ಬೇಯಿಸಬಲ್ಲ ಒಂದು ಅಡುಗೆಕೋಣೆ. ಇಲ್ಲದವರಿಗಾಗಿ ಕೇರಳದ ಪಂಚಾಯತುಗಳು ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರ ನೆರವಿನಿಂದ ಸಮುದಾಯ ಅಡುಗೆಮನೆಗಳನ್ನು ತೆರೆದು ಪೊಟ್ಟಣ ತಲುಪಿಸಿದವು, ಅದು ಸ್ಮರಣೀಯವಾದ ಕೆಲಸ. ಆದರೆ ಅಂದು ಪೊಟ್ಟಣಕ್ಕಾಗಿ ಕಾಯಬೇಕಾದ ಸ್ಥಿತಿಯಲ್ಲಿದ್ದವರು ಬಾಡಿಗೆ ಕೋಣೆಗಳಲ್ಲಿ ಒಲೆಯಿಲ್ಲದೆ ಇದ್ದ ಕೆಲಸಗಾರರು, ಒಂಟಿ ಮುದುಕರು ಮುಂತಾದವರು. ಅವರ ಆ ಅಸಹಾಯಕತೆಯನ್ನು ಸ್ವಂತ ಮನೆ ಕಟ್ಟುವವನು ಹಣ ಕೊಟ್ಟು ನಕ್ಷೆಯಲ್ಲಿ ಬರೆಸಿಕೊಳ್ಳಬೇಕೇ?

ನನ್ನ ಮನೆಯ ಸಂಗತಿಯೊಂದನ್ನು ಹೇಳುತ್ತೇನೆ. ನನ್ನ ತಾಯಿಯವರಿಗೆ ಎಂಬತ್ತನಾಲ್ಕು ವರ್ಷ. ಮೂರು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ನಾಲ್ಕು ತಿಂಗಳು ಹಾಸಿಗೆಯಲ್ಲೇ ಇದ್ದರು. ಹಲ್ಲಿಲ್ಲ, ಖಾರ ಆಗದು, ಒಮ್ಮೆಗೆ ಅರ್ಧ ಲೋಟಕ್ಕಿಂತ ಹೆಚ್ಚು ಇಳಿಯದು. ಮೂರು ಗಂಟೆಗೊಮ್ಮೆ ಬಿಸಿಯಾಗಿ ಏನಾದರೂ ಕೊಡಬೇಕು. ಹೆಂಡತಿ ಶಾಲೆಗೆ ಹೋಗುವವಳಾದ್ದರಿಂದ ಹಗಲಿನ ಪಾಳಿ ನನ್ನದಾಯಿತು. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಗಂಜಿ ಬೇಯಿಸಲು ಕಲಿತೆ. ಅಕ್ಕಿ ಮೂರು ಬಾರಿ ತೊಳೆದು, ನೀರು ಕುದಿ ಬಂದ ಮೇಲೆಯೇ ಹಾಕಬೇಕು. ನಡುವೆ ಒಂದು ಅಗುಳನ್ನು ಬೆರಳ ತುದಿಯಲ್ಲಿ ಒತ್ತಿ, ಒಳಗಿನ ಬಿಳಿ ಚುಕ್ಕೆ ಹೋಗಿದೆಯೇ ಎಂದು ನೋಡಬೇಕು. ಅವರಿಗಾದರೆ ಅಲ್ಲಿಂದ ಮುಂದೆಯೂ ಕಾಲು ಗಂಟೆ ಬೇಯಲು ಬಿಟ್ಟು, ಸಟ್ಟುಗದ ಬೆನ್ನಿನಿಂದ ನುರಿದು, ತಿಳಿ ಸೇರಿಸಿ ತೆಳ್ಳಗೆ ಮಾಡಬೇಕು. ಒಂದು ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ. ಇದನ್ನೆಲ್ಲ ಹಾಸಿಗೆಯಿಂದಲೇ ಕೂಗಿ ಹೇಳಿಕೊಟ್ಟವರು ಅವರೇ, ಯಾಕೆಂದರೆ ಅಡುಗೆಕೋಣೆಯ ಬಾಗಿಲು ಅವರ ಕೋಣೆಗೆ ಎದುರಾಗಿತ್ತು. ಜುಲೈಯ ಒಂದು ರಾತ್ರಿ ಗಾಳಿಗೆ ಮಾವಿನ ಮರ ಬಿದ್ದು ಎರಡು ದಿನ ಕರೆಂಟು ಹೋಯಿತು, ಗ್ಯಾಸ್ ಸಿಲಿಂಡರೂ ಮಾರನೆಯ ದಿನ ಖಾಲಿಯಾಯಿತು. ಹಿಂಬದಿಯ ಕಟ್ಟಿಗೆ ಒಲೆಯನ್ನು ಕೆಡವದೆ ಉಳಿಸಿದ್ದೆವು. ತೆಂಗಿನ ಗರಟೆ, ಒಣ ಮಡಲು ಹಾಕಿ ಬೆಂಕಿ ಎಬ್ಬಿಸಿ ಮೂರು ಗಂಟೆಯ ಲೆಕ್ಕ ತಪ್ಪದಂತೆ ಗಂಜಿ ಕೊಡಲು ಸಾಧ್ಯವಾಯಿತು. ಇವತ್ತು ಅವರು ಕೋಲೂರಿ ಅಂಗಳಕ್ಕೆ ಬರುತ್ತಾರೆ. ಯಾವ ಹೋಟೆಲಿನವರೂ ಆ ಅರ್ಧ ಲೋಟ ಗಂಜಿಯನ್ನು ಮೂರು ಗಂಟೆಗೊಮ್ಮೆ ತಂದುಕೊಡುತ್ತಿರಲಿಲ್ಲ. ಬಾಣಂತಿ, ಹಸುಗೂಸು, ಜ್ವರದವರು, ಸಕ್ಕರೆ ಕಾಯಿಲೆಯವರು, ಉಪ್ಪು ಬಿಡಬೇಕಾದವರು, ಇವರಲ್ಲಿ ಒಬ್ಬರಾದರೂ ಇಲ್ಲದೆ ಮೂವತ್ತು ವರ್ಷ ಕಳೆಯುವ ಮನೆ ಯಾವುದಿದೆ?

ಹಾಗೆಂದು ಹಳೆಯ ಅಡುಗೆಕೋಣೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಾನು ಹುಟ್ಟಿ ಬೆಳೆದ ಮನೆಯ ಅಡುಗೆಕೋಣೆಗೆ ಇದ್ದದ್ದು ಅಂಗೈಯಗಲದ ಎರಡು ಕಿಂಡಿ. ಹೊಗೆ ಅಟ್ಟಕ್ಕೇರಿ ಅಡಿಕೆಯನ್ನೂ ಹಲಸಿನ ಬೀಜವನ್ನೂ ಹುಳ ಹಿಡಿಯದಂತೆ ಕಾಪಾಡುತ್ತಿತ್ತು ಎಂದು ಗಂಡಸರು ಹೇಳಿಕೊಳ್ಳುತ್ತಿದ್ದೆವು; ಅದೇ ಹೊಗೆಯನ್ನು ಊದುಗೊಳವೆ ಹಿಡಿದು ನುಂಗಿದವರು ಹೆಂಗಸರು. ಅಮ್ಮನ ಕೆಮ್ಮು ಆ ಕಾಲದಿಂದ ಬಂದದ್ದು. 1980ರ ದಶಕದಲ್ಲಿ, ವಿಜ್ಞಾನವನ್ನು ಜನರ ಬಳಿಗೆ ಒಯ್ಯುವ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಾರ್ಯಕರ್ತರು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಡುವ ಪರಿಷತ್ ಒಲೆಯನ್ನು ಮನೆಮನೆಗೆ ಹಾಕಿಕೊಟ್ಟರು. ಅದೇ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಯಿತು. ಅಡುಗೆಕೋಣೆಯ ಕಷ್ಟವನ್ನು ಕಂಡು ಕೋಣೆಯನ್ನೇ ತೆಗೆದುಹಾಕದೆ, ಒಲೆಯನ್ನು ತಿದ್ದಿದವರು ಅವರು. ನಾನು ಕೇಳಿಕೊಳ್ಳುವುದೂ ಅಂಥ ತಿದ್ದುಪಡಿಯನ್ನೇ.

ಆ ಬರಹದ ಲೇಖಕರ ಅತ್ಯಂತ ಬಲವಾದ ವಾದ ಹೆಂಗಸರ ದುಡಿಮೆಯ ಕುರಿತಾದದ್ದು, ಅದಕ್ಕೆ ನಾನು ತಲೆಬಾಗುತ್ತೇನೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ತೊಡಗುವ ಪುರುಷರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಮಹಿಳೆಯರದ್ದು 289 ನಿಮಿಷಕ್ಕೆ ಇಳಿದಿದೆ, ಪುರುಷರದ್ದೂ 88ಕ್ಕೆ ಇಳಿದಿದೆ. ಐದು ವರ್ಷಗಳಲ್ಲಿ ಅವರ ಹೊರೆ ಇಳಿದದ್ದು ಹತ್ತೇ ನಿಮಿಷ, ನಮ್ಮ ಪಾಲು ಹೆಚ್ಚಲೇ ಇಲ್ಲ. ಪೈವಳಿಕೆ ಕಡೆಯ ಒಬ್ಬರು ಗೃಹಿಣಿ, ಗಂಡ ಅಡುಗೆಕೋಣೆಯ ಅಳತೆ ಹೇಳುತ್ತಿದ್ದಾಗ ನಡುವೆ ಬಾಯಿ ಹಾಕಿ, "ಅಡುಗೆಕೋಣೆ ಬೇಡ ಅಂತ ಅಲ್ಲ ಅಣ್ಣ, ಅದರೊಳಗೆ ಬೆಳಗ್ಗಿಂದ ರಾತ್ರಿವರೆಗೆ ನಾನೊಬ್ಬಳೇ ಆಗ್ತೇನಲ್ಲ, ಅದು ಬೇಡ" ಎಂದರು. ಅವರ ಆ ಮಾತು ಕೇಳಿದ ಮೇಲೆ ನಾನು ಅಡುಗೆಕೋಣೆಗಳನ್ನು ಬರೆಯುವ ರೀತಿ ಬದಲಾಗಿದೆ.

ಹೇಗೆಂದು ವಿವರಿಸಬೇಕು, ಯಾಕೆಂದರೆ ಒಬ್ಬರೇ ದುಡಿಯುವಂತೆ ಮಾಡುವುದರಲ್ಲಿ ಅಳತೆಯ ಪಾತ್ರವೂ ಇದೆ. ಸಿದ್ಧ ಕಪಾಟುಗಳನ್ನು ಜೋಡಿಸಿ ಮಾಡುವ ಇಂದಿನ ಮಾಡ್ಯುಲರ್ ಅಡುಗೆಕೋಣೆಗಳ ಮೂಲ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗೆ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ಬರೆದ ನಕ್ಷೆಯಲ್ಲಿದೆ. ಉದ್ದ ಸುಮಾರು 3.4 ಮೀಟರ್, ಅಗಲ 1.9 ಮೀಟರ್, ಹೆಜ್ಜೆಗಳನ್ನು ಲೆಕ್ಕ ಹಾಕಿ ಶ್ರಮ ಉಳಿಸುವಂತೆ ಮಾಡಿದ ಅದ್ಭುತ ಯೋಜನೆ, ಸುಮಾರು 10,000 ಮನೆಗಳಲ್ಲಿ ಅದನ್ನು ಅಳವಡಿಸಿದರು. ಆದರೆ ಅಲ್ಲಿ ನಿಲ್ಲಬಹುದಾದದ್ದು ಒಬ್ಬರೇ. ಕೈ ಜೋಡಿಸಲು ಬಂದವರು ಅಡ್ಡಿಯಾಗುತ್ತಾರೆ, ಹಾಗಾಗಿ ಬರುವುದನ್ನೇ ಬಿಡುತ್ತಾರೆ. ಹೆಣ್ಣನ್ನು ಒಂಟಿ ಮಾಡಿತೆಂಬ ಟೀಕೆ ಮುಂದೆ ಆ ನಕ್ಷೆಗೆ ಬಂದದ್ದು ಇದೇ ಕಾರಣಕ್ಕೆ. ನಮ್ಮಲ್ಲಿಯೂ 1.8 ಮೀಟರ್ ಅಗಲದ ಕೋಣೆಯಲ್ಲಿ ಎರಡು ಬದಿಗೂ 60 ಸೆಂಟಿಮೀಟರಿನ ಹಾಸು ಕಟ್ಟಿದರೆ ನಡುವೆ ಉಳಿಯುವುದು 60 ಸೆಂಟಿಮೀಟರ್. ಒಬ್ಬರು ಬಗ್ಗಿ ಕೆಳಗಿನ ಕಪಾಟು ತೆರೆದರೆ ದಾರಿ ಮುಚ್ಚಿತು. 2.1 ಮೀಟರ್ ಅಗಲವಿಟ್ಟು ಒಂದೇ ಬದಿಗೆ ಹಾಸು ಕಟ್ಟಿದರೆ ಒಂದೂವರೆ ಮೀಟರ್ ನೆಲ ಸಿಗುತ್ತದೆ. ಗಂಡ ತರಕಾರಿ ಹೆಚ್ಚುತ್ತಾ ನಿಲ್ಲಬಹುದು, ಮಗ ಪಾತ್ರೆ ತೊಳೆಯಬಹುದು, ಅಜ್ಜಿ ಮೂಲೆಯಲ್ಲಿ ಮಣೆ ಹಾಕಿ ಕೂತು ಬೆಳ್ಳುಳ್ಳಿ ಸುಲಿಯಬಹುದು, ಕೂತವರೊಂದಿಗೆ ನಾಲ್ಕು ಮಾತೂ ಆಗುತ್ತದೆ. ಹಾಸಿನ ಎತ್ತರ 85 ಸೆಂಟಿಮೀಟರ್ ಇರಲಿ ಎಂಬುದು ರೂಢಿ. ನಾನು ದಿನವೂ ಅಡುಗೆ ಮಾಡುವವರನ್ನು ನಿಲ್ಲಿಸಿ ಮೊಣಕೈ ಎತ್ತರ ನೋಡಿಯೇ ನಿಶ್ಚಯಿಸುತ್ತೇನೆ, ಕುಳ್ಳಗಿನವರಿಗೆ ಅದನ್ನು ತಗ್ಗಿಸಿಯೂ ಕೊಟ್ಟಿದ್ದೇನೆ. ಕೋಣೆ ವಿಶಾಲವಾದ ಮಾತ್ರಕ್ಕೆ ಗಂಡಸರು ತಾವಾಗಿ ಒಳಗೆ ಬರುತ್ತಾರೆಂದು ನಾನು ಹೇಳಲಾರೆ. ಬರಲು ಮನಸ್ಸಿದ್ದವರಿಗೆ ಜಾಗವಿಲ್ಲ ಎಂಬ ನೆವ ಉಳಿಯಬಾರದು. ಅಡುಗೆಕೋಣೆಯನ್ನು ಇಲ್ಲವಾಗಿಸಿದರೆ ಈ ದುಡಿಮೆ ಮಾಯವಾಗುವುದೂ ಇಲ್ಲ. ಚಾವಡಿಯ ಮೂಲೆಯಲ್ಲಿ, ಇನ್ನೂ ಇಕ್ಕಟ್ಟಾಗಿ, ಅದೇ ಹೆಂಗಸೇ ಮಾಡಬೇಕಾಗಿ ಬರುತ್ತದೆ.

ನೆರೆಕರೆಯವರು ಸೇರಿ ಒಂದೇ ಕಡೆ ಅಡುಗೆ ಮಾಡಿಸುವ ಪ್ರಯತ್ನಗಳು ನಮ್ಮ ರಾಜ್ಯದಲ್ಲಿಯೇ ನಡೆದಿವೆ. ಮಲಪ್ಪುರಂ ಜಿಲ್ಲೆಯ ಪೊನ್ನಾನಿಯಲ್ಲಿ ಕೆಲವು ಕುಟುಂಬಗಳು ಸಾಮಾನು ಮತ್ತು ಸಂಬಳದ ಖರ್ಚು ಹಂಚಿಕೊಂಡು ಸಾಮೂಹಿಕ ಅಡುಗೆಮನೆ ನಡೆಸಿದ್ದು ಸುದ್ದಿಯಾಗಿತ್ತು. 2020ರಿಂದ ಕುಟುಂಬಶ್ರೀಯವರ ಜನಕೀಯ ಹೋಟೆಲುಗಳು 20 ರೂಪಾಯಿಗೆ ಊಟ ಕೊಟ್ಟವು; 2023ರಲ್ಲಿ ಸರಕಾರದ ಸಹಾಯಧನ ನಿಂತ ಮೇಲೆ ಊಟದ ದರ ಏರಿತು, ನಡೆಸುವವರಿಗೆ ಕಷ್ಟವೂ ಆಯಿತು. ಇವು ಬೆಳೆಯಬೇಕು, ದುಡಿಯುವ ದಂಪತಿಗಳಿಗೆ ಮಧ್ಯಾಹ್ನದ ಊಟವಾದರೂ ಹೀಗೆ ಸಿಗುವಂತಾಗಬೇಕು. ಆದರೆ ಸಹಾಯಧನದ ಒಂದು ಆದೇಶದಿಂದ ಏರಿಳಿಯುವ ವ್ಯವಸ್ಥೆಯನ್ನು ನಂಬಿ ಮನೆಯ ಒಲೆಯನ್ನೇ ತೆಗೆಯಬಹುದೆಂದು ನನಗೆ ತೋರುವುದಿಲ್ಲ.

ಹೊರಗಿನ ಊಟದ ಗುಣಮಟ್ಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಅಸ್ವಸ್ಥರಾಗಿ ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡದ್ದು ಎಲ್ಲರಿಗೂ ನೆನಪಿದೆ. ಒಳ್ಳೆಯ ಹೋಟೆಲುಗಳು ಅನೇಕ ಇವೆ, ಒಂದು ದುರ್ಘಟನೆಯಿಂದ ಎಲ್ಲರನ್ನೂ ದೂರಲಾಗದು. ಆದರೂ ದಿನದ ಮೂರು ಹೊತ್ತನ್ನೂ ಬೇರೆಯವರ ಕೈಗೆ ಒಪ್ಪಿಸಿದಾಗ, ಎಣ್ಣೆ ಎಷ್ಟು ಬಾರಿ ಕಾದಿದೆ, ಉಪ್ಪು ಎಷ್ಟು ಬಿದ್ದಿದೆ ಎಂಬುದು ಉಣ್ಣುವವನ ಹಿಡಿತದಲ್ಲಿ ಇರುವುದಿಲ್ಲ.

ಬೆಂಗಳೂರಿನಲ್ಲಿ ಎರಡು ವರ್ಷದ ನೌಕರಿಗೆಂದು ಒಂದು ಕೋಣೆ ಹಿಡಿದು ಇರುವ ಯುವಕ ಯುವತಿಯರಿಗೆ ಗೋಡೆಬದಿಯ ಒಲೆ ಸಾಕು, ಅವರ ಬಾಡಿಗೆಯ ಲೆಕ್ಕದಲ್ಲಿ ಅದೇ ಸರಿ. ಆ ಲೆಕ್ಕವನ್ನು ಊರಿನ ಸ್ವಂತ ಮನೆಗಳಿಗೆ ತರಬೇಡಿ ಎಂಬುದಷ್ಟೇ ನನ್ನ ವಿನಂತಿ. ಊರಿಗೆ ಮನೆ ಕಟ್ಟಿಸಲು ಬರುವ ಮಕ್ಕಳು ನಕ್ಷೆಗೆ ಸಹಿ ಹಾಕುವ ಮೊದಲು, ಆ ಮನೆಯಲ್ಲಿ ದಿನವೂ ಅಡುಗೆ ಮಾಡಲಿರುವ ತಾಯಿಯನ್ನೋ ಮಡದಿಯನ್ನೋ ನನ್ನಂಥವರ ಮೇಜಿನ ಮುಂದೆ ಕೂರಿಸಬೇಕು. ಈಗ ಹೆಚ್ಚಾಗಿ ನಡೆಯುವುದು ಗಂಡಸರ ಮಾತುಕತೆ. ಹೆಂಗಸರು ಕಿಚನ್ ನೋಡುವುದು ಗೋಡೆ ಎದ್ದ ಮೇಲೆ. ನಕ್ಷೆ ಬರೆಯುವ ನಮ್ಮ ತಪ್ಪೂ ಇದರಲ್ಲಿದೆ, ಕೇಳದೆಯೇ ಹಳೆಯ ನಕ್ಷೆಯ ಕಿಚನ್ನನ್ನು ಹೊಸದಕ್ಕೆ ಅಂಟಿಸಿ ಕೊಟ್ಟದ್ದಿದೆ.

ಪುರವಣಿಯಲ್ಲಿ ಈ ಚರ್ಚೆಯನ್ನು ಮುಂದುವರಿಸುವುದಾದರೆ, ಹೊಳೆಯುವ ಕಪಾಟುಗಳ ಬಣ್ಣದ ಚಿತ್ರಗಳ ಬದಲು, 80 ರಿಂದ 90 ಚದರ ಅಡಿಯೊಳಗೆ ಕಿಟಕಿ, ತೊಳೆಯುವ ಜಾಗ, ಭರಣಿಯ ಮೂಲೆ, ಹಿಂಬದಿಯ ಕಟ್ಟಿಗೆ ಒಲೆ ಎಲ್ಲವೂ ಕೂಡುವ ನಾಲ್ಕೈದು ನಕ್ಷೆಗಳನ್ನು ಅಳತೆ ಸಹಿತ ಅಚ್ಚು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಬರೆದು ಕಟ್ಟಿಸಿದವುಗಳಲ್ಲಿ ಮೂರನ್ನು, ಆ ಮನೆಯವರ ಒಪ್ಪಿಗೆ ಪಡೆದು, ಯಾವ ಪ್ರತಿಫಲವೂ ಇಲ್ಲದೆ ತಮಗೆ ಕಳುಹಿಸಿಕೊಡಲು ಸಿದ್ಧನಿದ್ದೇನೆ. ಪೈವಳಿಕೆಯ ಆ ಗೃಹಿಣಿಯ ಅಡುಗೆಕೋಣೆ ಅವುಗಳಲ್ಲೊಂದು. ಪೂರ್ವಕ್ಕೆ ಕಿಟಕಿ, ಕಿಟಕಿಯ ಕೆಳಗೆ ಸಿಂಕ್, ಅಗಲ 2.1 ಮೀಟರ್.

ಇತಿ ತಮ್ಮ ವಿಶ್ವಾಸಿ,
ಮನೆ ನಕ್ಷೆ ಬರೆಯುವ ಒಬ್ಬ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ